ಬಳಲಿದವರಿಗೆ ಬುದ್ಧಿ ಹೇಳುವುದು ಇನ್ನಾದರೂ ನಿಲ್ಲಲಿ

ನಿನ್ನೆ ಮುಂಬಯಿ ಬಳಿಯ ಡೊಂಬಿವಲಿಯ ಪರಿಚಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆಯ ಊಟಕ್ಕೆ ಕುಳಿತಾಗ ಕಂಡದ್ದು ನನ್ನನ್ನು ಇನ್ನೂ ಕೆರಳಿಸುತ್ತಿದೆ. ಕೆಲವು ತಿಂಗಳಿಂದ ನಿದ್ದೆಗೆಟ್ಟು, ಕಚೇರಿಯ ಹೆಸರೆತ್ತಿದರೆ ಕೈ ನಡುಗುವಷ್ಟು ಸೋತಿರುವ ಒಬ್ಬರನ್ನು ನಡುವೆ ಕೂರಿಸಿಕೊಂಡು ಹಿರಿಯರೆಲ್ಲ, "ಗಂಡಸಾಗಿ ಇಷ್ಟಕ್ಕೇ ಕುಗ್ಗಿದರೆ ಹೇಗಪ್ಪಾ, ಬೆಳಿಗ್ಗೆ ಎದ್ದು ಪ್ರಾಣಾಯಾಮ ಮಾಡು" ಎಂದು ಬುದ್ಧಿ ಹೇಳುತ್ತಿದ್ದರು. ಬಳಲಿದ ಆ ವ್ಯಕ್ತಿ ಎಲೆಯ ಮೇಲಿನ ಅನ್ನವನ್ನು ಕಲಸುತ್ತಲೇ ಇದ್ದರು. ಒಂದು ತುತ್ತೂ ಬಾಯಿಗೆ ಹೋಗಲಿಲ್ಲ. ಕೊನೆಗೆ ಹೆಂಡತಿಯೇ, "ಮಗುವಿಗೆ ನಾಳೆ ಶಾಲೆಯಿದೆ, ನಾವಿನ್ನು ಹೊರಡುತ್ತೇವೆ" ಎಂದು ಅವರನ್ನು ಎಬ್ಬಿಸಿಕೊಂಡು ಹೋದರು. ಅಷ್ಟು ಜನರ ನಡುವೆ ಅವರಿಗೆ ನೆರವಾದದ್ದು ಆ ಒಂದೇ ಮಾತು.

ನಮ್ಮ ಯಜಮಾನರೂ ಹೋದ ವರ್ಷ ಹೀಗೆಯೇ ಬಳಲಿದ್ದರು. ಆಗ ನಮ್ಮ ಮನೆಗೂ ಬುದ್ಧಿಮಾತು ಧಾರಾಳವಾಗಿ ಬಂತು. "ಅತ್ತೆಯವರನ್ನು ಕಣ್ಣಿನ ಡಾಕ್ಟರ ಬಳಿಗೆ ನಾನು ಕರೆದೊಯ್ಯುತ್ತೇನೆ" ಎಂದವರು ಮೇಲಿನ ಮಹಡಿಯ ಮರಾಠಿ ಕಾಕೂ (ಚಿಕ್ಕಮ್ಮ) ಒಬ್ಬರೇ. ಕೆಲಸ ಮುಗಿಸಿ ಲೋಕಲ್ ರೈಲಿನಲ್ಲಿ ನಿಂತೇ ಮನೆಗೆ ಬಂದವರು ಶೂ ಬಿಚ್ಚದೆ ಕುಳಿತಿದ್ದರೆ ಕೂರಲಿ. ಬಾಗಿಲಲ್ಲೇ "ಏನಾಯಿತು" ಎಂದು ಕೇಳಿದರೆ, ಉತ್ತರ ಹುಡುಕುವುದೂ ಅವರಿಗೆ ಇನ್ನೊಂದು ಕೆಲಸ. ಬಿಲ್ಲು ಕಟ್ಟುವುದು, ಬಂಧುಗಳ ಫೋನಿಗೆ ಉತ್ತರಿಸುವುದು, ರಾತ್ರಿಗೆ ಅನ್ನವೋ ಚಪಾತಿಯೋ ಎಂಬ ನಿರ್ಧಾರ, ಇವನ್ನೆಲ್ಲ ಸದ್ದಿಲ್ಲದೆ ಅವರ ತಲೆಯಿಂದ ಇಳಿಸಬೇಕು. ಮಾತು ಅವರಿಗೆ ಬೇಕೆನಿಸಿದಾಗ ಬರುತ್ತದೆ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಮುಂಬಯಿ ಕನ್ನಡಿಗರ ಉದಾಹರಣೆಯನ್ನು ಆ ಹಿರಿಯರು ಕೊಟ್ಟರು. ಅವರ ದುಡಿಮೆಯ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೆ ಅವರಲ್ಲಿ ಎಷ್ಟು ಮಂದಿ ಒಳಗೊಳಗೇ ಸವೆದುಹೋದರೆಂದು ಆಗ ಯಾರು ಕೇಳಿದ್ದರು? ದೀರ್ಘಕಾಲದ ಕೆಲಸದ ಒತ್ತಡದಿಂದ ಬರುವ ಈ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ವಿವರಿಸಿರುವಾಗ, ಅದನ್ನು ಗಂಡಸುತನದ ಕೊರತೆಯೆನ್ನುವುದು ಕ್ರೌರ್ಯ.

ನಿದ್ದೆ, ಊಟ ವಾರಗಟ್ಟಲೆ ಕೆಟ್ಟರೆ ವೈದ್ಯರನ್ನು ಕಾಣಲೇಬೇಕು. ಬದುಕೇ ಬೇಡವೆಂಬ ಮಾತು ಬಂದರಂತೂ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಕರೆದೊಯ್ಯಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಸಂಗಾತಿಯನ್ನು ನೋಡಿಕೊಂಡು ತಾವೇ ಸುಸ್ತಾದವರಿಗೂ ಅದು ತೆರೆದಿದೆ. ನಾನೂ ಕರೆ ಮಾಡಿದ್ದೇನೆ.