ಆಪ್ಷನ್ ಪಟ್ಟಿಯನ್ನು ಆ್ಯಪ್ ಕೈಗೆ ಕೊಡಬೇಡಿ

ಸಿಇಟಿ ರಿಸಲ್ಟ್ ಬಂದ ದಿನದಿಂದ ನಮ್ಮ ಕೊಡಗಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಪ್ರಶ್ನೆ. "ಈ ರ‍್ಯಾಂಕ್‌ಗೆ ಯಾವ ಕಾಲೇಜು ಸಿಗಬಹುದು?" ಕೇಳೋದರಲ್ಲಿ ತಪ್ಪೇನಿಲ್ಲ. ಆದರೆ ಅದಕ್ಕೆ ಉತ್ತರ ಹೇಳುವ ಆ್ಯಪ್‌ಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. "ಅವಕಾಶ ಕಡಿಮೆ" ಅಂತ ಕೆಂಪು ಅಕ್ಷರದಲ್ಲಿ ತೋರಿಸಿದರೆ ಸಾಕು, ಮಕ್ಕಳು ಆ ಕಾಲೇಜಿನ ಆಸೆಯನ್ನೇ ಬಿಡುತ್ತಾರೆ, ಆಪ್ಷನ್ ಪಟ್ಟಿಯಲ್ಲಿ (ಸೀಟಿಗಾಗಿ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುವ ಪಟ್ಟಿ) ಅದನ್ನು ಹಾಕೋದೇ ಇಲ್ಲ.

ಅಂಕದ ಲೆಕ್ಕ ಕಷ್ಟದ್ದೇನಲ್ಲ. ಎಂಜಿನಿಯರಿಂಗ್‌ಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ 300 ಅಂಕವನ್ನು 50ಕ್ಕೆ ಇಳಿಸುತ್ತಾರೆ. ಸಿಇಟಿಯ 180 ಅಂಕವನ್ನೂ 50ಕ್ಕೆ. ಪಿಯುಸಿಯಲ್ಲಿ 240, ಸಿಇಟಿಯಲ್ಲಿ 90 ಬಂದಿದ್ದರೆ 40 ಮತ್ತು 25, ಒಟ್ಟು 65. ಅಂದರೆ ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ಇಲ್ಲಿವರೆಗೆ ಪಕ್ಕಾ. ಆದರೆ ಆ 65ಕ್ಕೆ ಎಷ್ಟನೇ ರ‍್ಯಾಂಕ್ ಬರುತ್ತದೆ ಅನ್ನೋದು ಆ ವರ್ಷ ಉಳಿದ ಮಕ್ಕಳು ಹೇಗೆ ಬರೆದಿದ್ದಾರೆ ಅನ್ನೋದರ ಮೇಲೆ ನಿಂತಿದೆ. 2021ರಲ್ಲಿ ಕೊರೊನಾದಿಂದ ಪಿಯು ಪರೀಕ್ಷೆಯೇ ನಡೆಯಲಿಲ್ಲ, ಸಿಇಟಿ ಅಂಕವನ್ನಷ್ಟೇ ನೋಡಿದರು. 2024ರಲ್ಲಿ ಸಿಲಬಸ್‌ನಲ್ಲಿಲ್ಲದ 50 ಪ್ರಶ್ನೆಗಳನ್ನು ಕೈಬಿಟ್ಟರು. ಒಂದೊಂದು ವರ್ಷ ಒಂದೊಂದು ಥರ.

ನಮ್ಮ ಜಿಲ್ಲೆಗೆ ಮುಖ್ಯವಾದದ್ದು ಇನ್ನೊಂದಿದೆ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದ ಮಕ್ಕಳಿಗೆ ಗ್ರಾಮೀಣ ಮೀಸಲಾತಿ ಇದೆ. ಪೂರ್ತಿ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೂ ಬೇರೆ ಮೀಸಲಾತಿ. ಒಂದೇ ಕಾಲೇಜಿನ ಒಂದೇ ಕೋರ್ಸಿಗೆ ಈ ಸೀಟುಗಳ ಕಟ್‌ಆಫ್ ರ‍್ಯಾಂಕ್ (ಸೀಟು ಸಿಕ್ಕ ಕೊನೆಯ ವಿದ್ಯಾರ್ಥಿಯ ರ‍್ಯಾಂಕ್) ಬೇರೆಯೇ ಇರುತ್ತದೆ. ಬರೀ ಅಂಕ ಕೇಳುವ ಆ್ಯಪ್‌ಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು?

ನಮ್ಮ ಪಕ್ಕದ ಲೈನ್‌ಮನೆಯ ಹುಡುಗಿ ಹತ್ತನೇ ಕ್ಲಾಸ್‌ವರೆಗೂ ಹಳ್ಳಿಯ ಸರ್ಕಾರಿ ಶಾಲೆಯಲ್ಲೇ ಓದಿದವಳು. ಮೊನ್ನೆ ಬಂದು ನೋಟ್‌ಬುಕ್ ತೋರಿಸಿದಳು. ಪಟ್ಟಿಯಲ್ಲಿ ಇದ್ದದ್ದು ಮೂರೇ ಹೆಸರು. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯದ್ದು, ಮೈಸೂರಿನದ್ದೊಂದು. ಅವುಗಳ ಮೇಲ್ಗಡೆ ಬೆಂಗಳೂರಿನ ಕಾಲೇಜುಗಳನ್ನೆಲ್ಲ ಬರೆದು ಗೀಟು ಹಾಕಿದ್ದಳು. "ಅಕ್ಕಾ, ಸಿಗಲ್ಲ ಅಂತ ತೋರಿಸ್ತು. ಸುಮ್ನೆ ಯಾಕೆ ಹಾಕೋದು?" ಅಂದಳು.

ಇದೇ ನನಗೆ ಬೇಜಾರಿನ ವಿಷಯ. ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದ್ದೂ ಕೈತಪ್ಪುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ರ‍್ಯಾಂಕ್ ಪ್ರಕಾರ ನಿಮ್ಮ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತಾರೆ. ಮೊದಲನೆಯದರಲ್ಲಿ ಸೀಟಿಲ್ಲದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ಮೇಲೆ ಆಸೆಯ ಕಾಲೇಜು ಇದ್ದರೆ ಕಳೆದುಕೊಳ್ಳೋದು ಏನೂ ಇಲ್ಲ. ಪಟ್ಟಿ ಚಿಕ್ಕದಾದರೆ ಮಾತ್ರ ಖಾಲಿ ಕೈಯಲ್ಲಿ ಉಳಿಯುವ ಅಪಾಯ.

ಅಂದಾಜು ಬೇಡ ಅಂತಿಲ್ಲ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ಇದೆ. ನಿಮ್ಮ ಕೆಟಗರಿಯ ಕಾಲಮ್ಮನ್ನೇ, ಒಂದಕ್ಕಿಂತ ಜಾಸ್ತಿ ವರ್ಷದ್ದು ನೋಡಿ. ಕೊನೆಯ ಸುತ್ತಿನದ್ದನ್ನೂ ನೋಡಿ. ಪಟ್ಟಿಯ ಕೆಳಭಾಗ ಎಲ್ಲಿವರೆಗೆ ಹೋಗಬೇಕು ಅಂತ ಅದರಿಂದ ತಿಳಿಯುತ್ತದೆ. ಅಣಕು ಸೀಟು ಹಂಚಿಕೆ (ನಿಜವಾದ ಹಂಚಿಕೆಗೆ ಮುಂಚೆ ತೋರಿಸುವ ಪ್ರಾಯೋಗಿಕ ಹಂಚಿಕೆ) ಆದ ಮೇಲೆ ಪಟ್ಟಿ ತಿದ್ದಲು ಅವಕಾಶವೂ ಇರುತ್ತದೆ.

ಆ ಹುಡುಗಿ ಗೀಟು ಹಾಕಿದ್ದನ್ನೆಲ್ಲ ಮತ್ತೆ ಬರೆಸಿದ್ದೇನೆ. ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಯಾವಾಗ ಹೋಗುತ್ತೋ ಹೇಳೋಕಾಗಲ್ಲ, ಕೊನೆ ದಿನಕ್ಕೆ ಇಟ್ಟುಕೊಳ್ಳಬೇಡಿ. ಪಟ್ಟಿ ಮಾಡಲು ಸಹಾಯ ಬೇಕಾದವರು ಇನ್‌ಬಾಕ್ಸ್ ಮಾಡಿ, ಸಂಜೆ ಹೊತ್ತು ಕೂತು ಮಾಡೋಣ.