ಎಕೆ-47 ಕ್ಯಾಲಿಬರ್ ಅಲ್ಲ

ಪೆಂಡಾಲಿನ ಕ್ವಿಜ್‌ನಲ್ಲಿ ಪ್ರಶ್ನೆ ಕೇಳುತ್ತಿದ್ದ ಹುಡುಗ, ಅತಿ ಹೆಚ್ಚು ಜನರನ್ನು ಕೊಂದ ಕ್ಯಾಲಿಬರ್ ಎಕೆ-47 ಅಂದ. ಎಕೆ-47 ಅನ್ನೋದು ಬಂದೂಕಿನ ಹೆಸರು. ಕ್ಯಾಲಿಬರ್ ಅಂದರೆ ನಳಿಗೆಯ ಒಳಗಿನ ಅಗಲ. ನಾನು ಹೇಳಿದ್ದು ಇಷ್ಟೇ. ಅದಕ್ಕೆ ಆ ಹುಡುಗ ಮೈಕಿನಲ್ಲಿ, "ಸಾರ್, ನಿಮ್ಮ ಕ್ಲಾಸು ನಾಳೆ ಇಟ್ಕೊಳ್ಳಿ, ಈಗ ಊಟಕ್ಕೆ ಹೊತ್ತಾಯ್ತು" ಅಂದ. ಇಡೀ ಪೆಂಡಾಲು ನಕ್ಕಿತು.

ರಾತ್ರಿ ಹನ್ನೆರಡಾಗುತ್ತಾ ಬಂತು. ನಿದ್ದೆ ಹತ್ತಿರ ಸುಳಿಯುತ್ತಿಲ್ಲ.

ಕೊನೇ ಪ್ರಶ್ನೆ ಅದು. ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಕ್ಯಾಲಿಬರ್ ಯಾವುದು? ನಾನು ಮಗಳ ಕಿವಿಯಲ್ಲಿ, "ಯಾರೂ ಲೆಕ್ಕ ಇಟ್ಟಿಲ್ಲ ಅಂತ ಬರಿ" ಅಂದೆ. ಅವಳು ಬರೆದಳು. ಅವನು ನಮ್ಮ ಚೀಟಿ ಎತ್ತಿಕೊಂಡು, ನಿಧಾನಕ್ಕೆ, ಒಂದೊಂದೇ ಪದ ಓದಿದ. "ಯಾರೂ... ಲೆಕ್ಕ... ಇಟ್ಟಿಲ್ಲ. ಇದು ಉತ್ತರಾನಾ?" ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತೆ. ಅವನು ಮೈಕನ್ನು ಎದೆಗೆ ಒತ್ತಿ ಹಿಡಿದುಕೊಂಡ, ನಾನೇನೋ ಕಿತ್ತುಕೊಳ್ಳುತ್ತೀನಿ ಅನ್ನೋ ಹಾಗೆ. ಆಗ ಮಗಳು ನನ್ನ ಶರ್ಟು ಎಳೆದಳು. "ಅಪ್ಪಾ, ಕೂತ್ಕೋ." ಅವಳ ಮುಖ ಕೆಂಪಾಗಿತ್ತು. ನಾನು ಕೂತೆ. ಯಾಕೆ ಕೂತೆನೋ!

ಹೋಗಲಿ ಬಿಡಿ. ಬಹುಮಾನ ಒಂದು ಸ್ಟೀಲ್ ಡಬ್ಬಿ. ಯಾರಿಗೆ ಬೇಕು ಅದು.

ಆದರೆ ಬಿಡೋಕಾಗುತ್ತಿಲ್ಲ. "ಎಕೆ-47 ಅಂದ್ರೂ 7.62 ಅಂದ್ರೂ ಒಂದೇ" ಅಂದನಲ್ಲ, ಒಂದೇ ಅಲ್ಲ ಕಣಪ್ಪಾ. ಎಕೆಯದು 7.62 × 39. ನಮ್ಮ ಸೇನೆಯ ಹಳೇ ರೈಫಲ್ ಎಸ್‌ಎಲ್‌ಆರ್‌ದು 7.62 × 51. ರಷ್ಯದ ಮೊಸಿನ್ ರೈಫಲ್‌ದು 7.62 × 54, ಅದು 1891ರಷ್ಟು ಹಳೆಯದು. ಮೊದಲನೇ ಅಂಕಿ ಕ್ಯಾಲಿಬರ್, ಎರಡನೇದು ತೋಟಾದ ಕೊಳವೆಯ ಉದ್ದ, ಎರಡೂ ಮಿಲಿಮೀಟರಿನಲ್ಲಿ. ಎಲ್ಲಾ ಬೇರೆ ಬೇರೆ ಗುಂಡು. ಯಾವುದರ ಸಾವನ್ನು ಯಾವುದರ ಲೆಕ್ಕಕ್ಕೆ ಬರೆದ ಇವನು?

ಸರಾಯೆವೊದಲ್ಲಿ 1914ರ ಜೂನ್ 28ರಂದು ಆಸ್ಟ್ರಿಯಾದ ಯುವರಾಜನಿಗೆ ಬಿದ್ದ ಗುಂಡು, 1948ರ ಜನವರಿ 30ರಂದು ಗಾಂಧೀಜಿ ಎದೆಗೆ ಬಿದ್ದ ಗುಂಡು, ಎರಡೂ ಪಾಯಿಂಟ್ 380. ಇದು ಇಂಚಿನಲ್ಲಿ ಹೇಳೋ ಕ್ಯಾಲಿಬರ್. ಪುಟ್ಟ ಪಿಸ್ತೂಲಿನ ಗುಂಡು. ಮೊದಲನೆಯದರ ಹಿಂದೆಯೇ ಒಂದು ಮಹಾಯುದ್ಧ ಬಂತು. ಆ ಸಾವೆಲ್ಲ ಪಾಯಿಂಟ್ 380ರ ಖಾತೆಗೇನು? ಆ ಯುದ್ಧದಲ್ಲಿ ಜಾಸ್ತಿ ಜನ ಸತ್ತಿದ್ದು ಫಿರಂಗಿಯಿಂದ, ಬಂದೂಕಿನಿಂದ ಅಲ್ಲವೇ ಅಲ್ಲ. ಕಂದಕದಲ್ಲಿ ಬಿದ್ದ ಹೆಣದ ಗಾಯಕ್ಕೆ ಅಳತೆಪಟ್ಟಿ ಹಿಡಿದು ಬರೆದವರು ಯಾರಿದ್ದರು?

ಉತ್ತರ ಕೊಡಿ. ಯಾರಾದರೂ ಕೊಡಿ. ಎಕೆ-47 ಅನ್ನೋ ಅವನ ಉತ್ತರ ಎಲ್ಲಿಂದ ಬಂತು?

ನಾನು ಅಮೃತಸರಕ್ಕೆ ಹೋಗಿದ್ದೇನೆ. ಜಲಿಯನ್‌ವಾಲಾ ಬಾಗಿನ ಗೋಡೆಯಲ್ಲಿ ಗುಂಡು ಬಿದ್ದ ಜಾಗಗಳಿಗೆ ಸುತ್ತ ಚೌಕ ಹಾಕಿದ್ದಾರೆ. ಅದು ತ್ರೀ ನಾಟ್ ತ್ರೀ, ಅಂದರೆ ಪಾಯಿಂಟ್ 303 ಇಂಚಿನ ರೈಫಲ್ ಗುಂಡು. ಬೋಯರ್ ಯುದ್ಧದಿಂದ ಎರಡನೇ ಮಹಾಯುದ್ಧದವರೆಗೆ ಬ್ರಿಟಿಷರ ಕೈಯಲ್ಲಿದ್ದಿದ್ದು ಇದೇ. ಉತ್ತರ ಪ್ರದೇಶದ ಪೊಲೀಸರು ಇದನ್ನು ಕೆಳಗಿಟ್ಟಿದ್ದು 2020ರಲ್ಲಿ. 1919ರ ಏಪ್ರಿಲ್ 13ರಂದು ಡಯರ್ 50 ಬಂದೂಕುಗಳಿಂದ ಹಾರಿಸಿದ್ದು 1,650 ಗುಂಡು. ಆ ಲೆಕ್ಕ ಪಕ್ಕಾ ಇದೆ. ಸತ್ತವರೆಷ್ಟು? ಸರ್ಕಾರ 379 ಅಂದಿತು. ಕಾಂಗ್ರೆಸ್ಸಿನ ವಿಚಾರಣೆ ಸುಮಾರು 1,000 ಅಂದಿತು. ಗುಂಡಿಗೆ ಲೆಕ್ಕ ಇದೆ, ಮನುಷ್ಯರಿಗಿಲ್ಲ. ನಮ್ಮ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದವರ ಮೇಲೂ ಗುಂಡು ಬಿತ್ತು. ಅಲ್ಲೂ ಹಾಗೇ. 32 ಜನ ಅಂತ ನಾವು ಹೇಳುತ್ತೇವೆ, ಅಂದಿನ ಸರ್ಕಾರದ ಬಾಯಲ್ಲಿ ಅಷ್ಟು ಬರಲೇ ಇಲ್ಲ.

ಒಂದೇ ತೋಟದೊಳಗೆ, ಒಂದೇ ಸಂಜೆ ಸತ್ತವರನ್ನು ಎಣಿಸೋಕಾಗಲಿಲ್ಲ. ಇವನು ಇಡೀ ಜಗತ್ತಿನ ಸಾವಿಗೆ ನಾಲ್ಕು ಆಯ್ಕೆ ಕೊಟ್ಟು ಗಂಟೆ ಬಾರಿಸುತ್ತಾನೆ.

ನಾಳೆ ಬೆಳಿಗ್ಗೆ ಅವನ ಮನೆ ಬಾಗಿಲು ತಟ್ಟಿ ಕೇಳುತ್ತೇನೆ. ಬೇಡ. ಕೇಳಿ ಏನಾಗಬೇಕಿದೆ, ಮತ್ತೆ ನಗುತ್ತಾನೆ. ಮಗಳಿಗೆ ಇನ್ನಷ್ಟು ಮುಜುಗರ. ಸುಮ್ನೆ ಇದ್ದುಬಿಡುತ್ತೇನೆ.

ಇಲ್ಲ, ಕೇಳಲೇಬೇಕು. ಮಗಳ ಅಕ್ಷರ ಇರುವ ಚೀಟಿ ನನ್ನ ಜೇಬಿನಲ್ಲೇ ಇದೆ. ಅದರ ಮೇಲೆ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿದ್ದಾನೆ. ಆ ಸೊನ್ನೆಯನ್ನು ಅವನೇ ಹೊಡೆದು ಹಾಕಬೇಕು, ಅವಳ ಎದುರಿಗೆ.