ಬರೆದವಳೇ ಓದುವಂತಿಲ್ಲ

ಡಿಸೆಂಬರ್ ಬಂತು. ಅಮೆರಿಕಕ್ಕೆ ಎಂಎಸ್ ಮಾಡಲು ಹೊರಟ ಮಕ್ಕಳೆಲ್ಲ ಇಂಜಿನಿಯರಿಂಗ್ ಕಾಲೇಜುಗಳ ಸ್ಟಾಫ್ ರೂಮ್ ಬಾಗಿಲಲ್ಲಿ ನಿಂತಿದ್ದಾರೆ. ಇಂಟರ್ನಲ್ಸ್ ಮಾರ್ಕ್ಸ್ ಕೇಳುವಾಗಲೂ ಇಷ್ಟು ವಿನಯ ಇರಲಿಲ್ಲ ಬಿಡಿ. ಬೇಕಾಗಿರುವುದು ಎಲ್‌ಒಆರ್, ಅಂದರೆ ಮೇಷ್ಟ್ರ ಶಿಫಾರಸು ಪತ್ರ. ಒಂದಲ್ಲ, ಮೂರು.

ಒಳಗೆ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರ ಫೈಲ್ ತುಂಬಿಸುತ್ತಾ ಕೂತ ಮೇಷ್ಟ್ರು ತಲೆ ಎತ್ತುವುದಿಲ್ಲ. "ನೀನೇ ಡ್ರಾಫ್ಟ್ ಮಾಡ್ಕೊಂಡು ಬಾಮ್ಮ, ನೋಡಿ ಸೈನ್ ಹಾಕ್ತೀನಿ." ನೋಡುವುದು ಅನ್ನೋದೆಲ್ಲ ಸುಮ್ನೆ ಮಾತಿಗೆ.

ಸರಿ, ಹುಡುಗಿ ಮನೆಗೆ ಬಂದು ತನ್ನನ್ನು ತಾನೇ ಹೊಗಳಿಕೊಳ್ಳಲು ಕೂರುತ್ತಾಳೆ. ಮೂರೂ ಒಂದೇ ಥರ ಇದ್ದರೆ ಸಿಕ್ಕಿಬೀಳ್ತೀಯ ಅಂತ ಕನ್ಸಲ್ಟೆನ್ಸಿಯವರು ಹೆದರಿಸಿರುತ್ತಾರೆ. ಹಾಗಾಗಿ ಒಂದು ರಾತ್ರಿಯಲ್ಲಿ ಮೂರು ವೇಷ: ಮೊದಲು ಗಂಭೀರ ಎಚ್‌ಒಡಿ, ಆಮೇಲೆ ಪ್ರಾಜೆಕ್ಟ್ ಗೈಡ್, ಕೊನೆಗೆ ಇವಳ ಪ್ರತಿಭೆ ಕಂಡು ಮೂಕವಿಸ್ಮಿತರಾದ ಲ್ಯಾಬ್ ಮೇಷ್ಟ್ರು. ಪಾಪ, ಆ ಮೇಷ್ಟ್ರಿಗೆ ಇವಳ ಹೆಸರು ಗೊತ್ತಿಲ್ಲ. ಯುಎಸ್‌ಎನ್, ಅಂದರೆ ಯೂನಿವರ್ಸಿಟಿ ಕೊಟ್ಟ ನಂಬರ್‌ನ ಕೊನೆಯ ಮೂರು ಅಂಕಿ ಹೇಳಿದರೆ ಗೊತ್ತಾಗಬಹುದು.

ಇದೆಲ್ಲಕ್ಕಿಂತ ನನಗೆ ಇಷ್ಟವಾಗುವುದು ಯೂನಿವರ್ಸಿಟಿಗೆ ಅರ್ಜಿ ಹಾಕುವ ಪೋರ್ಟಲ್‌ನ ಒಂದು ಪ್ರಶ್ನೆ. ಅಮೆರಿಕದಲ್ಲಿ 1974ರ ಫೆರ್ಪಾ ಅನ್ನೋ ಕಾನೂನಿದೆ, ಅದರ ಪ್ರಕಾರ ವಿದ್ಯಾರ್ಥಿಗೆ ತನ್ನ ದಾಖಲೆ ನೋಡುವ ಹಕ್ಕಿದೆ. ಆದರೆ ಶಿಫಾರಸು ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡ್ತೀಯಾ ಅಂತ ಅರ್ಜಿಯಲ್ಲೇ ಕೇಳುತ್ತಾರೆ. ಬಿಟ್ಟುಕೊಟ್ಟರೆ ಪತ್ರಕ್ಕೆ ತೂಕ ಜಾಸ್ತಿ, ಮೇಷ್ಟ್ರು ಮುಲಾಜಿಲ್ಲದೆ ಬರೆದಿದ್ದಾರೆ ಅಂತ ಲೆಕ್ಕ. ಹುಡುಗಿ ಟಿಕ್ ಹಾಕುತ್ತಾಳೆ. ಅಂದರೆ, ತಾನೇ ಬರೆದು, ತಾನೇ ಸ್ಪೆಲ್ಲಿಂಗ್ ತಿದ್ದಿದ ಪತ್ರವನ್ನು ಇನ್ನು ಮುಂದೆ ಓದುವುದಿಲ್ಲ ಅಂತ ಮುಚ್ಚಳಿಕೆ.

ಶಿಫಾರಸು ಪತ್ರ ನಮಗೇನು ಹೊಸದಲ್ಲ. ತಿರುಪತಿ ದರ್ಶನಕ್ಕೆ, ವರ್ಗಾವಣೆಗೆ, ಹಾಸ್ಟೆಲ್ ಸೀಟಿಗೆ ಅಂತ ಶಾಸಕರ ಮನೆ ಮುಂದೆ ಕಾದವರೇ ನಾವೆಲ್ಲ. ಅದರಲ್ಲಿ ಒಂದು ನಿಯತ್ತಿದೆ. ಇವರು ನಮ್ಮ ಕ್ಷೇತ್ರದವರು, ಅನುಕೂಲ ಮಾಡಿಕೊಡಿ, ಅಷ್ಟೇ. "ಇವರ ಭಕ್ತಿಯನ್ನು ನಾಲ್ಕು ವರ್ಷದಿಂದ ಹತ್ತಿರದಿಂದ ಗಮನಿಸಿದ್ದೇನೆ, ನಾನು ಕಂಡ ಭಕ್ತರಲ್ಲಿ ಮೇಲಿನ ಶೇ. 1ರಲ್ಲಿ ಬರುತ್ತಾರೆ" ಅಂತ ಯಾವ ಶಾಸಕರೂ ಬರೆಯುವುದಿಲ್ಲ. ಎಂಎಸ್ ಪೋರ್ಟಲ್‌ನಲ್ಲಿ ಮೇಷ್ಟ್ರನ್ನು ಇದನ್ನೂ ಕೇಳುತ್ತಾರೆ ನೋಡಿ: ಮೇಲಿನ ಶೇ. 1, ಶೇ. 5, ಶೇ. 10, ಯಾವ ಚೌಕ? 60 ಜನರ ಸೆಕ್ಷನ್‌ನಲ್ಲಿ ಶೇ. 1 ಅಂದರೆ ಒಬ್ಬ ಪೂರ್ತಿ ಮನುಷ್ಯನೂ ಆಗುವುದಿಲ್ಲ. ಆದರೂ ಅರ್ಜಿ ಹಾಕಿದವರೆಲ್ಲ ಅಲ್ಲೇ ಕೂತಿದ್ದಾರೆ.

ನಗು ಬರುತ್ತೆ, ನಿಜ. ಆದರೆ ಆ ಸೆಕ್ಷನ್‌ನಲ್ಲಿ ನಿಜವಾಗಿಯೂ ಚೆನ್ನಾಗಿ ಓದಿದ, ರಾತ್ರಿಯೆಲ್ಲ ಲ್ಯಾಬ್‌ನಲ್ಲಿ ಕೂತ ಒಂದು ಮಗು ಇರುತ್ತಲ್ಲ, ಅದಕ್ಕೆ ತನ್ನ ಬಗ್ಗೆ ಎರಡು ಸಾಲು ಹೊಗಳಿಕೆ ಬರೆಯಲು ನಾಚಿಕೆ. ಸಾಧಾರಣ ಅಂತ ಬರೆದುಕೊಳ್ಳುತ್ತದೆ. ನಾಚಿಕೆ ಬಿಟ್ಟವನು ಮುಂದೆ ಹೋಗುತ್ತಾನೆ. ನಾಲ್ಕು ವರ್ಷ ಫೀಸು ಕಟ್ಟಿಸಿಕೊಂಡ ಕಾಲೇಜಿನಲ್ಲಿ ಈ ಮಗುವನ್ನು ಗುರುತಿಸಿ, ಇದಕ್ಕೆ ಇಂಥದ್ದು ಬರುತ್ತೆ, ಇಂಥದ್ದು ಬರಲ್ಲ ಅಂತ ಒಂದು ಪುಟ ಬರೆಯಬಲ್ಲ ಒಬ್ಬರೂ ಇಲ್ಲ ಅಂದರೆ, ಏನು ಕಲಿಸಿದಿರಿ ಸ್ವಾಮಿ? ಮೇಷ್ಟ್ರನ್ನೇ ಬೈದೂ ಪ್ರಯೋಜನವಿಲ್ಲ. ಅವರ ಸಂಬಳ, ಅವರ ತಲೆ ಮೇಲಿರುವ ಫೈಲು ನೋಡಿದರೆ ಅವರಿಗೇ ಯಾರಾದರೂ ಶಿಫಾರಸು ಪತ್ರ ಕೊಡಬೇಕು.

ಕೊನೆಗೆ ಅಪ್‌ಲೋಡ್. ಎಂಟು ಯೂನಿವರ್ಸಿಟಿ, ತಲಾ ಮೂರು ಪತ್ರ, ಮೇಷ್ಟ್ರುಗಳ ಇಮೇಲ್‌ಗೆ 24 ಲಿಂಕ್. ಜಿಮೇಲ್ ಬೇಡ, ಕಾಲೇಜಿನ ಐಡಿಯೇ ಆಗಬೇಕು, ಅದನ್ನು ಮೇಷ್ಟ್ರು ತೆರೆದೇ ಇಲ್ಲ. ಕೊನೆ ದಿನ 15, ರಾತ್ರಿ 11:59, ನ್ಯೂಯಾರ್ಕ್ ಟೈಮು. ನಮಗದು 16ರ ಬೆಳಗ್ಗೆ 10:29. ಹತ್ತು ಗಂಟೆಗೆ ಮೇಷ್ಟ್ರು ಕಡೆಗೂ ಫೋನ್ ಎತ್ತಿದರು. "ಕ್ಲಾಸಲ್ಲಿದ್ದೀನಮ್ಮ. ಓಟಿಪಿ ಹೇಳ್ತೀನಿ, ನೀನೇ ಹಾಕ್ಬಿಡು. ಆ ಶೇಕಡಾದ್ದೂ ನೋಡ್ಕೊಂಡು ಟಿಕ್ ಮಾಡು."